ಆರು ಲಕ್ಷಕ್ಕೆ ಯಾವ ಕಾರು? ಕರಾವಳಿ, ಘಟ್ಟದವರಿಗೆ ಒಂದು ಹೋಲಿಕೆ

ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ, ಮನೆಗೆ ಮೊದಲ ಕಾರು ತರಬೇಕೆಂದು ಆರೇಳು ಲಕ್ಷ ಹೊಂದಿಸಿಕೊಂಡವರ ಮುಂದೆ ಈಗ ಮೂರು ದಾರಿಗಳಿವೆ. ಆ ದುಡ್ಡಿಗೆ ಹೊಸ ಸಣ್ಣ ಕಾರಿನ ಕೆಳಗಿನ ವೇರಿಯಂಟ್ ಬರುತ್ತದೆ. ಅಥವಾ 2020–22ರ ಸ್ವಿಫ್ಟ್, ಬಲೆನೊ, ಐ20ಯಂಥ ಕಾರಿನ ಮಧ್ಯದ ಇಲ್ಲವೇ ಮೇಲಿನ ವೇರಿಯಂಟ್ ಬರುತ್ತದೆ. ಅದೂ ಬೇಡವೆಂದರೆ 2014–17ರ ದೊಡ್ಡ ಡೀಸೆಲ್ ಗಾಡಿ.

ಯಾವುದು ಸರಿ ಎನ್ನುವುದಕ್ಕೆ ಬೆಂಗಳೂರಿನವರು ಕೊಡುವ ಉತ್ತರ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಉಪ್ಪುಗಾಳಿಯಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಡೆಯುವ ಮಳೆಯಿಲ್ಲ, ಮದುವೆಗೋ ಆಸ್ಪತ್ರೆಗೋ ಹೊರಟರೆ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಹತ್ತಿಳಿಯಬೇಕಿಲ್ಲ. ಇಲ್ಲಿ ಓಡಿದ ಕಿಲೋಮೀಟರಿಗಿಂತ ನೀರು, ಉಪ್ಪು, ಕೆಮ್ಮಣ್ಣು ಕಾರನ್ನು ಬೇಗ ತಿನ್ನುತ್ತವೆ. ಹಾಗಾಗಿ ಫೀಚರ್ ಪಟ್ಟಿ ಓದುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ: ಇದನ್ನು ಆಮೇಲೆ ಹೊರಗೆ ಹಾಕಿಸಲು ಬರುತ್ತದೆಯೇ? ಬರುವುದಾದರೆ ಅದಕ್ಕಾಗಿ ಮೇಲಿನ ವೇರಿಯಂಟ್‌ನ ಬೆಲೆ ಕೊಡಬೇಡಿ. ಬಾರದಿದ್ದರೆ, ಮತ್ತು ಇಲ್ಲಿನ ಮಳೆ–ಘಟ್ಟಕ್ಕೆ ಅದು ಬೇಕೇ ಬೇಕಾದರೆ, ಸಾಲ ಸ್ವಲ್ಪ ಹೆಚ್ಚಾದರೂ ಅದನ್ನು ಬಿಡಬೇಡಿ.

ಬೆಲೆ ಹೇಗೆ ಏರಿತು, ಏನು ಸೇರಿತು

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಹೊರಬಂದಾಗ ಬೆಲೆ 47,500 ರೂಪಾಯಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ನಾಲ್ಕು ಗೇರು. ಪವರ್ ಸ್ಟಿಯರಿಂಗ್ ಇರಲಿಲ್ಲ, ಪವರ್ ವಿಂಡೋ ಇರಲಿಲ್ಲ, ಏರ್‌ಬ್ಯಾಗ್ ಎಂಬ ಮಾತೇ ಇರಲಿಲ್ಲ. ಆ ವರ್ಷ ಚಿನ್ನ 10 ಗ್ರಾಂಗೆ 1,800 ರೂಪಾಯಿಯ ಆಸುಪಾಸಿನಲ್ಲಿತ್ತು. ಅಂದರೆ ಒಂದು ಕಾರಿಗೆ 260 ಗ್ರಾಂಗೂ ಮೇಲೆ ಬಂಗಾರ ಮಾರಬೇಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಆಲ್ಟೊ ಕೆ10ನ ಆರಂಭದ ಬೆಲೆ 3.70 ಲಕ್ಷ, ಆಗಿನ ಚಿನ್ನದ ಧಾರಣೆಯಲ್ಲಿ 35 ಗ್ರಾಂ ಒಳಗೇ ಬಂತು. ಚಿನ್ನವೇ ವಿಪರೀತ ಏರಿದ್ದರಿಂದ ಈ ಲೆಕ್ಕ ಕಾರನ್ನು ಇರುವುದಕ್ಕಿಂತ ಅಗ್ಗವಾಗಿ ತೋರಿಸುತ್ತದೆ, ನಿಜ. ಆದರೂ ‘ಮೊದಲು ಕಾರು ಅಗ್ಗ ಇತ್ತು’ ಎಂಬ ಮಾತನ್ನು ಹಾಗೇ ನಂಬಬಾರದು.

1998ರಲ್ಲಿ ಸ್ಯಾಂಟ್ರೊ, ಇಂಡಿಕಾ ಬಂದವು. ಇಂಡಿಕಾ 2.6 ಲಕ್ಷದ ಆಸುಪಾಸಿನಿಂದ ಶುರುವಾಗಿ, ಸಣ್ಣ ಕಾರಿಗೂ ಡೀಸೆಲ್ ಎಂಜಿನ್ ತಂದಿತು. 2005ರಲ್ಲಿ ಸ್ವಿಫ್ಟ್ 4 ಲಕ್ಷದ ಒಳಗೆ ಆರಂಭವಾಯಿತು. 2012ರಲ್ಲಿ ಆಲ್ಟೊ 800ನ ಮೊದಲ ಬೆಲೆ 2.44 ಲಕ್ಷ. 2014ರ ಫೆಬ್ರುವರಿಯಲ್ಲಿ ಬಂದ ಸೆಲೆರಿಯೊ, ಕ್ಲಚ್ ಒತ್ತದೆ ಗೇರು ತಾನೇ ಬದಲಾಗುವ ಎಎಂಟಿಯನ್ನು ಜನಸಾಮಾನ್ಯರ ಕಾರಿಗೆ ಇಳಿಸಿತು. ಆವರೆಗೆ ಸೇರುತ್ತ ಬಂದದ್ದೆಲ್ಲ ಹೆಚ್ಚಾಗಿ ಸುಖದ ಸಾಮಾನು: ಎಸಿ, ಪವರ್ ಸ್ಟಿಯರಿಂಗ್, ಸೆಂಟ್ರಲ್ ಲಾಕ್, ಮ್ಯೂಸಿಕ್. ಅದೇ 2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಇಲ್ಲಿನ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್.

ಅಲ್ಲಿಂದೀಚೆಗೆ ಬೆಲೆ ಏರಿದ್ದರಲ್ಲಿ ದೊಡ್ಡ ಪಾಲು ಕಾನೂನು ಕೇಳಿದ ಸುರಕ್ಷತೆಗೆ ಮತ್ತು ಹೊಗೆ ನಿಯಂತ್ರಣಕ್ಕೆ ಹೋಗಿದೆ. ಹಳೆಯ ಕಾರು ನೋಡುವವರಿಗೆ ಈ ತಾರೀಖುಗಳು ಬಾಯಿಪಾಠ ಇದ್ದರೆ ಒಳ್ಳೆಯದು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯ. ಅದೇ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ಸೀಟ್‌ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ, ಹಿಂದಿನ ಪಾರ್ಕಿಂಗ್ ಸೆನ್ಸರ್ ಬಂದವು. 2019ರ ಅಕ್ಟೋಬರ್‌ನಿಂದ ಮಾರಾಟದಲ್ಲಿದ್ದ ಹಳೆಯ ಮಾಡೆಲ್‌ಗಳೂ ಮುಂದಿನ ಮತ್ತು ಪಕ್ಕದ ಗುದ್ದಿನ ಪರೀಕ್ಷೆ ಪಾಸಾಗಬೇಕಾಯಿತು. 2020ರ ಏಪ್ರಿಲ್ 1ರಿಂದ ಹೊಗೆಯ ಮಿತಿ ಬಿಗಿಗೊಳಿಸಿದ ಬಿಎಸ್-6 ನಿಯಮ. 2021ರ ಡಿಸೆಂಬರ್ 31ರಿಂದ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್. 2023ರ ಏಪ್ರಿಲ್‌ನಿಂದ ಬಿಎಸ್-6ರ ಎರಡನೇ ಹಂತ. ಆಗಿನಿಂದಲೇ ಹೊಸ ಕಾರುಗಳ ಇಂಧನದ ಪೈಪು, ರಬ್ಬರುಗಳು ಪೆಟ್ರೋಲ್‌ನಲ್ಲಿ ಬೆರೆಸಿದ ಶೇ 20 ಎಥೆನಾಲ್ ತಾಳುವಂಥವು. ಕೊನೆಯದಾಗಿ 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಅದರ ಮೇಲಿದ್ದ ಸೆಸ್ಸೂ ಹೋಯಿತು. ಸಣ್ಣ ಕಾರು ಎಂದರೆ 4 ಮೀಟರ್ ಮೀರದ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಎಂಜಿನ್.

ಇವೆಲ್ಲ ಕಾರು ತಯಾರಾದ ತಿಂಗಳಿಗೆ ಸಂಬಂಧಿಸಿದ್ದು. ಆರ್‌ಸಿಯಲ್ಲಿ ನೋಂದಣಿಯ ತಾರೀಖಿನ ಜೊತೆಗೆ ತಯಾರಾದ ತಿಂಗಳು–ವರ್ಷವೂ ಇರುತ್ತದೆ. 2019ರ ಡಿಸೆಂಬರ್‌ನಲ್ಲಿ ನೋಂದಣಿಯಾದ ಕಾರು ಮೇ ತಿಂಗಳ ತಯಾರಿಯೂ ಆಗಿರಬಹುದು. ‘2019ರ ಮಾಡೆಲ್’ ಎಂದು ಮಾತಿನಲ್ಲಿ ಹೇಳಿದ್ದನ್ನು ಒಪ್ಪಿಕೊಳ್ಳದೆ ಆ ಸಾಲನ್ನು ಓದಿ.

ಮೂರು ದಾರಿಗಳ ಲೆಕ್ಕ

ಹೊಸ ಕಾರು ಕೊಳ್ಳುವವರು ರಸ್ತೆ ತೆರಿಗೆ, ವಿಮೆ ಸೇರದ ಎಕ್ಸ್‌ಶೋರೂಮ್ ಬೆಲೆ ನೋಡಿ ಮೋಸ ಹೋಗುತ್ತಾರೆ. ಕರ್ನಾಟಕದ ಆಜೀವ ರಸ್ತೆ ತೆರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಜಿಎಸ್‌ಟಿ ಇಳಿದಾಗ ಸ್ವಿಫ್ಟ್ 5.79 ಲಕ್ಷದಿಂದ ಶುರುವಾಯಿತು. ಅದಕ್ಕೆ ತೆರಿಗೆ, ಸೆಸ್ ಸೇರಿ ಸುಮಾರು 90 ಸಾವಿರ. ಮೇಲೆ ವಿಮೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. ಹೀಗೆ ಅತ್ಯಂತ ಕೆಳಗಿನ ವೇರಿಯಂಟೇ ರಸ್ತೆಗಿಳಿಯುವಾಗ 7 ಲಕ್ಷ ಮುಟ್ಟುತ್ತದೆ. ಆಗ 4.99 ಲಕ್ಷವಿದ್ದ ವ್ಯಾಗನ್‌ಆರ್‌ಗೆ ತೆರಿಗೆ ಸುಮಾರು 72 ಸಾವಿರ. ಅದು ಆರರ ಆಚೀಚೆ ನಿಲ್ಲುತ್ತದೆ.

ಬಜೆಟ್ ಮೇಲೆ ಹೋದವರಿಗೂ ಒಂದು ಮಾತು. 9.90 ಲಕ್ಷದ ವೇರಿಯಂಟ್ ಬಿಟ್ಟು 10.10 ಲಕ್ಷದ್ದು ಹಿಡಿದರೆ ಬೆಲೆ 20 ಸಾವಿರ ಏರಿ, ತೆರಿಗೆ 36 ಸಾವಿರಕ್ಕೂ ಮೇಲೆ ಏರುತ್ತದೆ. ಸನ್‌ರೂಫ್ ಆಸೆಗೆ ಈ ಗೆರೆ ದಾಟುವವರು ಬಹಳ.

ಹೊಸ ಬೇಸ್ ವೇರಿಯಂಟ್‌ನ ದೊಡ್ಡ ಬಲ ಅದರ ದೇಹ ಮತ್ತು ಸುರಕ್ಷತೆ. 2024ರ ಸ್ವಿಫ್ಟ್‌ನಿಂದ ಕೆಳಗಿನ ವೇರಿಯಂಟಿಗೂ ಆರು ಏರ್‌ಬ್ಯಾಗ್, ಕಾರು ಜಾರುವುದನ್ನು ತಡೆಯುವ ಇಎಸ್‌ಪಿ, ಏರಿನಲ್ಲಿ ಹೊರಡುವಾಗ ಹಿಂದೆ ಉರುಳದಂತೆ ಹಿಡಿಯುವ ಹಿಲ್ ಹೋಲ್ಡ್ ಬರುತ್ತವೆ. 2025ರಲ್ಲಿ ಆಲ್ಟೊ ಕೆ10ಗೂ ಆರು ಏರ್‌ಬ್ಯಾಗ್ ಬಂದವು. ಹತ್ತು ವರ್ಷದ ಹಿಂದೆ ಎರಡರಷ್ಟು ಬೆಲೆಯ ಕಾರಿನಲ್ಲೂ ಇಷ್ಟು ಸಿಗುತ್ತಿರಲಿಲ್ಲ. ಬದಲಿಗೆ ಹೆಚ್ಚಾಗಿ ಹೋಗುವುದು ಹಿಂದಿನ ವೈಪರ್, ಹಿಂದಿನ ಗಾಜಿನ ಮಂಜು ಬಿಡಿಸುವ ಡಿಫಾಗರ್, ಸೀಟಿನ ಎತ್ತರದ ಹೊಂದಾಣಿಕೆ, ಮ್ಯೂಸಿಕ್ ಸಿಸ್ಟಮ್.

2020–22ರ ಮಧ್ಯದ ವೇರಿಯಂಟ್‌ನಲ್ಲಿ ಈ ಹೋಗುವ ಸಾಮಾನೆಲ್ಲ ಸಿಗುತ್ತದೆ, ಏರ್‌ಬ್ಯಾಗ್ ಮಾತ್ರ ಹೆಚ್ಚಾಗಿ ಎರಡೇ. ಮೊದಲ ಮೂರು ವರ್ಷದ ಬೆಲೆ ಇಳಿತವನ್ನು ಮೊದಲ ಮಾಲೀಕ ಹೊತ್ತಿರುತ್ತಾನೆ. ಆದರೆ ಜಿಎಸ್‌ಟಿ ಇಳಿದ ಮೇಲೆ ಚೌಕಾಸಿ ಬದಲಾಗಿದೆ: ಮಾರುವವರು ತಾವು ಕೊಟ್ಟ ಹಳೆಯ ಬೆಲೆ ಹೇಳಿ ಅದರಿಂದ ಕಳೆಯುತ್ತಾರೆ. ನೀವು ಅದೇ ವೇರಿಯಂಟಿನ ಇಂದಿನ ಹೊಸ ಬೆಲೆಯಿಂದ ಕಳೆಯಲು ಶುರುಮಾಡಿ. ನಾಲ್ಕು ವರ್ಷದ ಕಾರು ಇಂದಿನ ಆನ್‌ರೋಡ್ ಬೆಲೆಗಿಂತ ಕಾಲು ಭಾಗ ಮಾತ್ರ ಕಡಿಮೆ ಎಂದಾದರೆ ಹೊಸದೇ ವಾಸಿ. ವಿಮೆಯಲ್ಲಿರುವ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಮಾರಿದವನದು, ಕೊಂಡವನಿಗೆ ಬರುವುದಿಲ್ಲ ಎಂಬುದೂ ಲೆಕ್ಕದಲ್ಲಿರಲಿ.

ಮೂರನೆಯದು, ಹಳೆಯ ದೊಡ್ಡ ಡೀಸೆಲ್. ಘಟ್ಟದಲ್ಲಿ ನಾಲ್ಕು ಜನ, ಹಿಂದೆ ಎರಡು ಚೀಲ ಅಡಿಕೆ ಹಾಕಿ ಹತ್ತಿದರೆ ಇದರ ಎಳೆತಕ್ಕೆ ಸಣ್ಣ ಪೆಟ್ರೋಲ್ ಸಾಟಿಯಾಗದು. ಲೆಕ್ಕ ಬೇರೆ ಹೇಳುತ್ತದೆ. ಪೆಟ್ರೋಲ್ ಲೀಟರಿಗೆ 103, ಡೀಸೆಲ್ 91 ಎಂದು ಹಿಡಿಯಿರಿ. 18 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ 5.70 ರೂಪಾಯಿ, 22 ಕೊಡುವ ಡೀಸೆಲ್‌ಗೆ 4.15. ತಿಂಗಳಿಗೆ 600 ಕಿಲೋಮೀಟರ್ ಓಡಿಸುವವರಿಗೆ ಉಳಿಯುವುದು ಒಂಬೈನೂರು ಚಿಲ್ಲರೆ. ಇಂಜೆಕ್ಟರ್, ಟರ್ಬೊ, ಕ್ಲಚ್‌ನಲ್ಲಿ ಒಂದು ಕೈಕೊಟ್ಟರೂ ಎರಡು–ಮೂರು ವರ್ಷದ ಉಳಿತಾಯ ಒಂದೇ ಬಿಲ್ಲಿಗೆ ಹೋಗುತ್ತದೆ. ತಿಂಗಳಿಗೆ 1,500 ಕಿಲೋಮೀಟರ್ ದಾಟದವರು ಡೀಸೆಲ್ ಯೋಚಿಸುವುದೇ ಬೇಡ. ಬಿಎಸ್-6 ಡೀಸೆಲ್ ಆದರೆ ಇನ್ನೊಂದು ತೊಡಕು: ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಬಿಸಿಯೇರಿ ತನ್ನನ್ನು ತಾನೇ ಸುಟ್ಟುಕೊಂಡು ಸ್ವಚ್ಛವಾಗಬೇಕು, ಅದಕ್ಕೆ ಹೆದ್ದಾರಿಯಲ್ಲಿ ಹದಿನೈದು–ಇಪ್ಪತ್ತು ನಿಮಿಷ ಒಂದೇ ವೇಗದ ಓಟ ಬೇಕು. ದಿನವೂ ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ.

ನೋಂದಣಿಗೆ 15 ವರ್ಷ ತುಂಬುವ ದಿನವನ್ನೂ ನೋಡಿ. ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು, 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಿಂದ 10,000. ಮೇಲೆ ಹಸಿರು ತೆರಿಗೆ, ಫಿಟ್‌ನೆಸ್‌ಗೆ ಮಾಡಿಸಬೇಕಾದ ಟಿಂಕರಿಂಗ್ ಖರ್ಚು.

ನಮ್ಮ ತೀರ್ಮಾನ ಹೀಗೆ: ಮನೆಯಲ್ಲಿ ಒಂದೇ ಕಾರು, ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ, ಮನೆ ಸಮುದ್ರದ ಹತ್ತಿರ ಎಂದಾದರೆ ಹೊಸ ಕಾರು, ಆದರೆ ಬೇಸ್‌ಗಿಂತ ಒಂದು ಮೆಟ್ಟಿಲು ಮೇಲಿನದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು, ಕಾರು ಪರೀಕ್ಷಿಸಲು ಬಲ್ಲ ಮೆಕ್ಯಾನಿಕ್ ಜೊತೆಗಿದ್ದರೆ, ಘಟ್ಟದ ಮೇಲೆಯೇ ಓಡಿದ 2020–22ರ ಕಾರು ಹುಡುಕಬಹುದು. 2019ರ ಅಕ್ಟೋಬರ್‌ಗಿಂತ ಹಿಂದಿನ ಸಣ್ಣ ಕಾರು ಎಷ್ಟು ಅಗ್ಗವಾದರೂ ಮಕ್ಕಳನ್ನು ಕೂರಿಸಿ ಘಟ್ಟ ಹತ್ತಲು ಬೇಡ.

ಇಲ್ಲಿಗೆ ಬೇಕಾದ ಫೀಚರ್, ಬೇಡದ ಫೀಚರ್

ಹಿಂದಿನ ವೈಪರ್ ಮತ್ತು ಡಿಫಾಗರ್ ಮೊದಲು. ಡಿಕ್ಕಿ ಹೊರಚಾಚದ ಕಾರುಗಳಲ್ಲಿ ಚಕ್ರ ಎರಚಿದ ನೀರು, ಕೆಮ್ಮಣ್ಣು ಗಾಳಿಯ ಸುಳಿಗೆ ಸಿಕ್ಕಿ ಹಿಂದಿನ ಗಾಜಿಗೇ ಬಂದು ಕೂರುತ್ತದೆ. ಆಷಾಢದ ಮಳೆಯಲ್ಲಿ ಕುಮಟಾದಿಂದ ಶಿರಸಿಗೆ ಹತ್ತುವಷ್ಟರಲ್ಲಿ ಗಾಜು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ, ಹಿಂದೆ ಬರುವ ಬಸ್ಸಿನ ದೀಪ ಮಸುಕು ಚುಕ್ಕೆಯಾಗಿ ಕಾಣುತ್ತದೆ. ಡಿಫಾಗರ್‌ನ ತಂತಿಗಳು ಗಾಜಿನಲ್ಲೇ ಅಚ್ಚಾಗಿ ಬರುವುದರಿಂದ ಆಮೇಲೆ ಹಾಕಿಸಲು ಗಾಜನ್ನೇ ಬದಲಿಸಬೇಕು. ವೈಪರ್‌ಗೆ ಬಾಗಿಲು ಕೊರೆದರೆ ಅಲ್ಲಿಂದಲೇ ಜಂಗು ಶುರು. ಇವೆರಡಕ್ಕಾಗಿ ಒಂದು ವೇರಿಯಂಟ್ ಮೇಲೆ ಹೋಗುವುದು ನ್ಯಾಯವಾದ ಖರ್ಚು.

ಎಬಿಎಸ್, ಇಎಸ್‌ಪಿ, ಏರ್‌ಬ್ಯಾಗ್‌ಗಳ ಮಾತು ಬೇರೆ ಹೇಳಬೇಕಿಲ್ಲ, ಯಾವುದೂ ಹೊರಗೆ ಸಿಗುವುದಲ್ಲ. ಒದ್ದೆ ತಿರುವಿನಲ್ಲಿ ಕಾರು ಜಾರತೊಡಗಿದಾಗ ಇಎಸ್‌ಪಿ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುತ್ತದೆ, ಅಂಥ ತಿರುವುಗಳೇ ನಮ್ಮಲ್ಲಿ ಹೆಚ್ಚು.

ನೆಲದಿಂದ ಎತ್ತರ ಕೂಡ ಬದಲಿಸಲು ಬಾರದ್ದು. ಸ್ವಿಫ್ಟ್ 163 ಮಿಲಿಮೀಟರ್, ವ್ಯಾಗನ್‌ಆರ್ 165, ಎಸ್-ಪ್ರೆಸೊ 180, ಕ್ವಿಡ್ 184, ಪಂಚ್ 187, ಬ್ರೆಝಾ 198. ಡಾಂಬರು ರಸ್ತೆಗೆ 165 ಸಾಕು. ತೋಟದ ಮನೆಗೆ ಚಿರೇಕಲ್ಲು ಎದ್ದ ಇಳಿಜಾರು ದಾರಿ, ಮಧ್ಯದಲ್ಲಿ ನೀರು ಹರಿಯುವ ಕಾಲುವೆ ಇದ್ದರೆ 180ಕ್ಕಿಂತ ಕಡಿಮೆಯದು ಬೇಡ. ಕಂಪನಿಯ ಅಂಕಿ ಹೆಚ್ಚಾಗಿ ಖಾಲಿ ಕಾರಿನದು, ಐದು ಜನ ಕೂತಾಗ ಎಷ್ಟು ಕೂರುತ್ತದೆಂದು ಆ ದಾರಿಯಲ್ಲೇ ಓಡಿಸಿ ನೋಡಿ.

ಎಎಂಟಿ ಬೇಕೇ ಎಂದು ಬಹಳ ಜನ ಕೇಳುತ್ತಾರೆ. ಅದರೊಳಗೆ ಇರುವುದು ಮಾಮೂಲಿ ಕ್ಲಚ್ಚೇ, ಕಾಲಿನ ಬದಲು ಯಂತ್ರ ಒತ್ತುತ್ತದೆ. ಏರಿನಲ್ಲಿ ಲಾರಿ ಹಿಂದೆ ಆಮೆ ನಡಿಗೆಯಲ್ಲಿ ಹೋಗುವಾಗ ಆ್ಯಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸಿದರೆ ಕ್ಲಚ್ ತೇಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಏರಿನಲ್ಲಿ ನಿಲ್ಲುವುದು ಬ್ರೇಕ್‌ನಿಂದಲೇ ಆಗಬೇಕು, ಮುಂದಿನ ಗಾಡಿ ಹತ್ತು ಅಡಿ ಹೋದ ಮೇಲೆ ಹೊರಡಬೇಕು. ಇಳಿಯುವಾಗ ಗೇರನ್ನು ನಾವೇ ಆರಿಸುವ ‘ಎಂ’ಗೆ ಹಾಕಿ ಎರಡನೇ ಗೇರಿನಲ್ಲಿ ಇಳಿಸಿ, ಇಲ್ಲದಿದ್ದರೆ ಬ್ರೇಕ್ ಕಾಯ್ದು ಹಿಡಿತ ಬಿಡುತ್ತದೆ. ಪೇಟೆಯ ಓಡಾಟವೇ ಹೆಚ್ಚಿದ್ದರೆ ಎಎಂಟಿ ಸುಖ. ವಾರಕ್ಕೆ ಮೂರು ಸಲ ಘಟ್ಟ ಹತ್ತುವವರಿಗೆ ಮ್ಯಾನ್ಯುಯಲ್ ಲೇಸು.

ಸನ್‌ರೂಫ್ ನಮ್ಮ ಊರಿಗೆ ಅಲ್ಲ. ಅದರ ಚೌಕಟ್ಟಿನ ಮೂಲೆಗಳಿಂದ ಸಣ್ಣ ನಳಿಕೆಗಳು ಕಂಬಗಳ ಒಳಗೆ ಇಳಿದು ನೀರನ್ನು ಹೊರಗೆ ಬಿಡುತ್ತವೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆಪುಡಿ, ಪಾಚಿ ಸೇರಿ ನಳಿಕೆ ಕಟ್ಟುತ್ತದೆ; ನೀರು ಒಳಗಿನ ಬಟ್ಟೆಯ ಹಿಂದೆ ಇಳಿದು ಕಾರ್ಪೆಟ್ ಅಡಿ ನಿಲ್ಲುತ್ತದೆ, ವೈರಿಂಗ್ ಜೋಡಣೆಗಳು ಹಸಿರುಗಟ್ಟುತ್ತವೆ. ಹಳೆಯ ಕಾರಿನಲ್ಲಿ ಸನ್‌ರೂಫ್ ಇದ್ದೇ ಇದ್ದರೆ, ತೆರೆದು ಮೂಲೆಯಲ್ಲಿ ಒಂದು ಲೋಟ ನೀರು ಹೊಯ್ದು ಅದು ಚಕ್ರದ ಬಳಿ ಹೊರಬರುವುದನ್ನು ಕಾಯಿರಿ.

ಟಚ್‌ಸ್ಕ್ರೀನ್, ಹಿಂದಿನ ಕ್ಯಾಮೆರಾ, ಫಾಗ್ ಲ್ಯಾಂಪ್, ಸೆಂಟ್ರಲ್ ಲಾಕ್, ಸೀಟ್ ಕವರ್ ಎಲ್ಲವೂ ಹುಬ್ಬಳ್ಳಿಯಲ್ಲೋ ಊರಿನಲ್ಲೋ ಹಾಕಿಸಬಹುದು. ಆದರೆ ವೈರು ಕತ್ತರಿಸಿ ಟೇಪು ಸುತ್ತಲು ಬಿಡಬೇಡಿ. ಉಪ್ಪು ಗಾಳಿಯಲ್ಲಿ ಅಂಥ ಜೋಡಣೆ ಎರಡು ಮಳೆಗಾಲ ಬಾಳುವುದಿಲ್ಲ, ಕಂಪನಿಯ ವಾರಂಟಿಯೂ ತಕರಾರಿಗೆ ಬೀಳುತ್ತದೆ. ವೈರು ಕತ್ತರಿಸದೆ ಕಪ್ಲರ್‌ಗೆ (ವೈರಿನ ತುದಿಯ ಕೊಂಡಿಗೆ) ಕಪ್ಲರ್ ಕೂರುವ ಕಿಟ್ ಕೇಳಿ. ಅಲಾಯ್ ಚಕ್ರ ಗುಂಡಿಗೆ ಬಿದ್ದರೆ ಬಿರುಕು ಬಿಡುತ್ತದೆ, ಉಕ್ಕಿನದು ಬಾಗಿದರೆ ಬಡಿದು ಸರಿಮಾಡಬಹುದು.

ಬಳಸಿದ ಕಾರಿನ ಮೈ ನೋಡುವ ಕ್ರಮ

ಕಾರವಾರ, ಅಂಕೋಲಾ, ಭಟ್ಕಳದ ಕಾರು ಎಂಜಿನ್ ಗಟ್ಟಿಯಿದ್ದೂ ಅಡಿಯಿಂದ ಕೊಳೆತಿರಬಹುದು. ಹಗಲಿನಲ್ಲಿ, ಮಳೆಯಿಲ್ಲದಾಗ, ತೊಳೆಯದ ಕಾರನ್ನೇ ನೋಡಿ.

ನಾಲ್ಕೂ ಬಾಗಿಲು ತೆಗೆದು ಕೆಳಗಿನ ಅಂಚಿನ ರಬ್ಬರು ಎತ್ತಿ. ಅಲ್ಲಿ ನೀರಿಳಿಯುವ ಸಣ್ಣ ತೂತುಗಳಿರುತ್ತವೆ. ಕೆಸರು ಕಟ್ಟಿ ಬಾಗಿಲೊಳಗೆ ನೀರು ನಿಂತರೆ ಬಣ್ಣ ಒಳಗಿನಿಂದ ಹಪ್ಪಳದಂತೆ ಉಬ್ಬುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಕರಕರ ಎಂದರೆ ತಗಡು ಮುಗಿದಿದೆ. ಆಮೇಲೆ ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ಹೊರಗೆ ತೆಗೆದು ಅದರ ಗುಂಡಿಯನ್ನು ನೋಡಿ. ಅಲ್ಲಿ ಕೆಂಪು ನೀರಿನ ಗೆರೆಯಿದ್ದರೆ ಹಿಂದಿನ ದೀಪದ ರಬ್ಬರಿನಿಂದ ಸೋರಿಕೆ, ಇಲ್ಲವೇ ಹಿಂದಿನಿಂದ ಗುದ್ದು ತಿಂದು ಬೆಸುಗೆ ಹಾಕಿದ್ದು.

ಬಾನೆಟ್ ಅಡಿ, ಮುಂದಿನ ಸಸ್ಪೆನ್ಶನ್ ಬೋಲ್ಟ್‌ಗಳ ಸುತ್ತಲಿನ ತಗಡು ಮತ್ತು ಬ್ಯಾಟರಿ ಕೂರುವ ತಟ್ಟೆ ಮುಖ್ಯ. ಎಸಿಯ ಕಂಡೆನ್ಸರ್ ಮುಂಭಾಗದ ಜಾಲರಿಯ ಹಿಂದೆಯೇ ಇರುತ್ತದೆ; ಅದರ ತೆಳು ಅಲ್ಯೂಮಿನಿಯಂ ಎಲೆಗಳು ಉಪ್ಪಿಗೆ ಬಿಳಿ ಪುಡಿಯಾಗಿ ಉದುರುತ್ತಿದ್ದರೆ ಒಂದು ಬೇಸಿಗೆಯೊಳಗೆ ಗ್ಯಾಸ್ ಹೋಗುತ್ತದೆ. ಕಾರನ್ನು ಲಿಫ್ಟ್‌ಗೆ ಏರಿಸಿ ಬ್ರೇಕ್ ಪೈಪು, ಹಿಂದಿನ ಆಕ್ಸಲ್, ಸೈಲೆನ್ಸರ್ ಜೋಡಣೆ ನೋಡಿ. ಆರು ವರ್ಷದ ಕಾರಿಗೆ ಮೊನ್ನೆ ಮೊನ್ನೆ ಹೊಡೆದ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಇದ್ದರೆ ಸಂಶಯಪಡಿ: ಜಂಗಿನ ಮೇಲೆ ಹೊಡೆದ ಕೋಟಿಂಗ್ ತೇವವನ್ನು ಒಳಗೇ ಹಿಡಿದು ಕೊಳೆಸುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ.

2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ದಂಡೆಯ ಊರುಗಳಿಗೆ ನೆರೆ ನುಗ್ಗಿತ್ತು, 2021ರ ಜುಲೈನಲ್ಲಿ ಮತ್ತೆ. ಆಗ ನೀರು ಕುಡಿದ ಕಾರು ಗುರುತಿಸಲು ಸೀಟ್‌ಬೆಲ್ಟ್‌ಗಳನ್ನು ಕೊನೆಯವರೆಗೂ ಎಳೆಯಿರಿ. ನೀರು ನಿಂತ ಮಟ್ಟದಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿಯ ಬೋಲ್ಟ್‌ಗಳ ತಲೆಯಲ್ಲಿ ಒಣ ಕೆಸರು, ಕಾರ್ಪೆಟ್ ಅಡಿಯ ದಪ್ಪ ಪದರದಲ್ಲಿ ಹುಳಿ ವಾಸನೆ ಇದ್ದರೆ ಎಷ್ಟೇ ಇಳಿಸಿಕೊಟ್ಟರೂ ಬೇಡ. ಅಂಥ ಕಾರಿನ ಏರ್‌ಬ್ಯಾಗ್, ಎಬಿಎಸ್‌ಗಳ ಕಂಟ್ರೋಲ್ ಯೂನಿಟ್ ಯಾವಾಗ ಕೈಕೊಡುತ್ತದೆಂದು ಯಾರೂ ಹೇಳಲಾರರು.

2023ಕ್ಕಿಂತ ಹಿಂದಿನ ಪೆಟ್ರೋಲ್ ಕಾರಾದರೆ ಇಂಧನದ ರಬ್ಬರ್ ಪೈಪು ಮೆತ್ತಗಾಗಿದೆಯೇ, ಬಿರುಕು ಬಿಟ್ಟಿದೆಯೇ ನೋಡಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸುವ ರೂಢಿ ಬಿಡಬೇಕು.

ಗೋವಾ ನಂಬರಿನ ಕಾರು

ಕಾರವಾರದವರಿಗೆ ಮಡಗಾಂವ್ ಹತ್ತಿರ, ಅಲ್ಲಿ ಬೆಲೆ ಕಡಿಮೆ ಎಂದು ಕಾಣುತ್ತದೆ. ತರುವ ಮುನ್ನ ಪೂರ್ತಿ ಲೆಕ್ಕ ಹಾಕಿ. ಅಲ್ಲಿನ ಆರ್‌ಟಿಒದಿಂದ 28ನೇ ನಮೂನೆಯಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಲವಿದ್ದರೆ ಬ್ಯಾಂಕಿನ 35ನೇ ನಮೂನೆ, ಮಾಲೀಕತ್ವಕ್ಕೆ 29 ಮತ್ತು 30, ಹೊಸ ನಂಬರಿಗೆ 27. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಡುವ ಗಾಡಿಗೆ ಅಲ್ಲಿನ ನೋಂದಣಿ ಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಕಾರವಾರದಲ್ಲಿ ಕೆಎ-30, ಹೊನ್ನಾವರದಲ್ಲಿ ಕೆಎ-47, ಶಿರಸಿಯಲ್ಲಿ ಕೆಎ-31 ನಂಬರ್ ಪಡೆಯುವಾಗ ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ತೆರಿಗೆ ಕಟ್ಟಬೇಕು. ಇದನ್ನು ಸೇರಿಸಿದ ಮೇಲೂ ಉಳಿತಾಯವಿದ್ದರೆ ತನ್ನಿ, ಆದರೆ ಗೋವಾದ್ದೂ ಸಮುದ್ರದಂಡೆಯ ಕಾರೇ, ಮೇಲೆ ಹೇಳಿದ ತಪಾಸಣೆ ಒಂದೂ ತಪ್ಪಬಾರದು.

ಮುಂಗಡ ಕೊಡುವ ದಿನ

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್, ಎಬಿಎಸ್ ದೀಪಗಳು ಹೊತ್ತಿ ಆರಬೇಕು. ಹೊತ್ತದೇ ಇದ್ದರೆ ಬಲ್ಬ್ ತೆಗೆದು ದೋಷ ಮುಚ್ಚಿದ್ದಾರೆ. ಹ್ಯಾಂಡ್‌ಬ್ರೇಕ್ ಬಿಟ್ಟಾಗ ಹಿಂದಿನ ಚಕ್ರ ಟಕ್ ಎಂದು ಬಿಡಿಸಿಕೊಂಡರೆ ಡ್ರಮ್‌ಗೆ ಜಂಗು ಹಿಡಿದು ಲೈನರ್ ಅಂಟಿದೆ, ಸಮುದ್ರದ ಬಳಿ ಇದು ಸಾಮಾನ್ಯ. ಬಿಚ್ಚಿ ತೋರಿಸಲು ಹೇಳಿ. ಆಮೇಲೆ ನಾಲ್ಕು ಜನ ಕೂತು, ಎಸಿ ಹಾಕಿ, ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಹೊರಡಿ. ಮೂರನೇ ಗೇರಿನಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆದೇ ಮಾತು ಮುಗಿಸಿ.